ಸೆಸೆಶನ್‌ಗೆ ಕನ್ನಡದಲ್ಲಿ ಏನಂತೀರಿ? (ಸಬ್‌ಟೈಟಲ್‌ಗೆ, ತುರ್ತು)

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಅಂತರ್ಯುದ್ಧದ ಬಗೆಗಿನ ಒಂದು ಸಾಕ್ಷ್ಯಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೇನೆ. ನಾಳೆ ರಾತ್ರಿಯೊಳಗೆ ಫೈಲ್ ಕಳಿಸಬೇಕು. ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಒಂದು, ಸೆಸೆಶನ್. 1860ರ ಡಿಸೆಂಬರ್ 20ರಂದು ಸೌತ್ ಕ್ಯಾರೊಲಿನಾ ತಾನಿನ್ನು ಅಮೆರಿಕಕ್ಕೆ ಸೇರಿಲ್ಲ ಎಂದು ಸಾರಿತಲ್ಲ, ಆ ಕೆಲಸ. ಆಮೇಲೆ ಇನ್ನೂ ಹತ್ತು ರಾಜ್ಯಗಳು ಅದೇ ದಾರಿ ಹಿಡಿದವು. ಹಾಗಾಗಿ ಈ ಪದ ಮಾತುಮಾತಿಗೂ ಬರುತ್ತದೆ. ಚಿಕ್ಕದಾಗಿರಬೇಕು, ತೆರೆಯ ಮೇಲೆ ಜಾಗ ಎರಡೇ ಸಾಲು.

ಎರಡು, ಯೂನಿಯನ್ (ಲಿಂಕನ್ ಸರ್ಕಾರದ ಕಡೆ) ಮತ್ತು ಕಾನ್ಫೆಡರಸಿ (ಬಿಟ್ಟು ಹೋಗುತ್ತೇವೆ ಅಂದ ರಾಜ್ಯಗಳ ಕಡೆ). ನಮ್ಮಲ್ಲಿ ಎರಡಕ್ಕೂ 'ಒಕ್ಕೂಟ' ಅಂತಲೇ ಬರೆದುಬಿಡುತ್ತಾರೆ. 'ಒಕ್ಕೂಟದ ಸೇನೆ ಒಕ್ಕೂಟದ ಸೇನೆಯನ್ನು ಹಿಮ್ಮೆಟ್ಟಿಸಿತು' ಅಂತ ಹಾಕಿದರೆ ನೋಡುವವರ ಗತಿ ಏನು? ಹಾಲು ಒಕ್ಕೂಟದ ಚುನಾವಣೆ ಅಂದುಕೊಂಡಾರು.

---

ಪ್ರತ್ಯೇಕತೆ. ಪೇಪರಲ್ಲಿ ದಿನಾ ಬರುತ್ತದೆ. ಇಷ್ಟಕ್ಕೆಲ್ಲ ಗುಂಪಿಗೆ ಮೇಲ್ ಹಾಕಬೇಕಾ?

---

> ಪ್ರತ್ಯೇಕತೆ. ಪೇಪರಲ್ಲಿ ದಿನಾ ಬರುತ್ತದೆ.

ದಿನಾ ಬರುವುದೇ ತೊಂದರೆ, ಸರ್. 'ಪ್ರತ್ಯೇಕ ರಾಜ್ಯ' ಅಂದ ಕೂಡಲೇ ನಮ್ಮವರಿಗೆ ನೆನಪಾಗುವುದು ತೆಲಂಗಾಣ, ಉತ್ತರ ಕರ್ನಾಟಕದ ಕೂಗು. ಅಂದರೆ ದೇಶದೊಳಗೇ ಇದ್ದುಕೊಂಡು ಇನ್ನೊಂದು ರಾಜ್ಯ ಮಾಡಿಕೊಳ್ಳುವುದು. ಸೌತ್ ಕ್ಯಾರೊಲಿನಾ ಕೇಳಿದ್ದು ಅದಲ್ಲ. ಅದಕ್ಕೆ ದೇಶವೇ ಬೇಡವಾಗಿತ್ತು.

ತಮಾಷೆ ಅಂದರೆ, ನಮ್ಮ ಅರ್ಥದ ಪ್ರತ್ಯೇಕ ರಾಜ್ಯವೂ ಆ ಯುದ್ಧದಲ್ಲೇ ಒಂದು ಹುಟ್ಟಿದೆ. ವರ್ಜೀನಿಯ ದೇಶ ಬಿಡುತ್ತೇನೆ ಅಂದಾಗ ಅದರ ಪಶ್ಚಿಮದ ಬೆಟ್ಟಸೀಮೆಯವರು ವರ್ಜೀನಿಯವನ್ನೇ ಬಿಟ್ಟರು. 1863ರಲ್ಲಿ ವೆಸ್ಟ್ ವರ್ಜೀನಿಯ ಅಂತ ಬೇರೆ ರಾಜ್ಯವಾಗಿ ಯೂನಿಯನ್‌ನಲ್ಲೇ ಉಳಿದರು. ಎರಡಕ್ಕೂ ಒಂದೇ ಪದ ಹಾಕಿದರೆ ಕಲಸುಮೇಲೋಗರ ಆಗುತ್ತದೆ.

'ಬೇರೆ ಹೋಗುವುದು' ಆಗಲ್ವಾ? ಅಣ್ಣತಮ್ಮಂದಿರು ಪಾಲು ಮಾಡಿಕೊಂಡು ಬೇರೆ ಹೋದರು ಅನ್ನುತ್ತೇವಲ್ಲ, ಹಾಗೆ.

---

'ಬೇರ್ಪಡಿಕೆ'. ಮುಗಿಯಿತು.

ಇದರಲ್ಲಿರುವುದು ಹಳಗನ್ನಡದ 'ಬೇಱೆ', ಶಕಟರೇಪ (ಹಳೆಯ 'ಱ' ಅಕ್ಕರ) ಇರುವಂತದ್ದು. ಗಿಡದ ಬೇರಿಗೂ ಇದಕ್ಕೂ ನಂಟಿಲ್ಲ. ಬೇರು ಕಿತ್ತು ಹೋಗುವುದು ಅಂತ ಯಾರಾದರೂ ಕತೆ ಕಟ್ಟಿದರೆ ನಂಬಬೇಡಿ.

ಕೆಲಸ ಹಿಡಿದಿದ್ದೀರಿ, ಪೂರ್ತಿ ಮಾಡಿ. 'ಅಂತರ್ಯುದ್ದ' ಯಾಕೆ? 'ಒಳಕಾಳಗ' ಅನ್ನಿ. 'ಗುಲಾಮ' ಅರಬ್ಬಿ, 'ದಾಸ' ಸಂಸ್ಕ್ರುತ. ನಮ್ಮದೇ 'ತೊತ್ತು' ಇದೆ, ಹಳೆಯ 'ತೊೞ್ತು'. ತೊತ್ತುತನ ಅಂದರೆ ಯಾರಿಗೆ ತಿಳಿಯುವುದಿಲ್ಲ?

---

ಎಲ್ಲರಿಗೂ ತಿಳಿಯುತ್ತದೆ, ಅದೇ ಕಷ್ಟ. ನಮ್ಮ ಕಡೆ 'ತೊತ್ತು' ಬೈಗುಳ. ಅದೂ ಹೆಂಗಸರಿಗೆ ಬೈಯುವುದು. ವಚನಕಾರರು ತಮ್ಮನ್ನು ತಾವೇ ತೊತ್ತಿನ ಮಗ ಅಂದುಕೊಂಡರೆ ಅದು ಭಕ್ತಿ. ನೀವು ಇನ್ನೊಬ್ಬರಿಗೆ ಅಂದರೆ ಕಪಾಳಮೋಕ್ಷ. ಸಬ್‌ಟೈಟಲ್‌ನಲ್ಲಿ ದಯವಿಟ್ಟು ಬೇಡ.

'ದಾಸ' ಅಂದರೆ ಕೈಯಲ್ಲಿ ತಂಬೂರಿ ಕಾಣುತ್ತದೆ. 'ಜೀತ' ಹತ್ತಿರದ್ದು, ಆದರೆ ಅದೂ ಅಲ್ಲ. ಜೀತಕ್ಕೆ ಹಿಂದೆ ಒಂದು ಸಾಲ ಇರುತ್ತದೆ, ಸುಳ್ಳು ಲೆಕ್ಕದ್ದೇ ಆಗಲಿ. ಅಲ್ಲಿ ಸಾಲವೂ ಇಲ್ಲ, ಲೆಕ್ಕವೂ ಇಲ್ಲ. ಮನುಷ್ಯನೇ ಆಸ್ತಿ. ಮಾರಬಹುದು, ಅಡ ಇಡಬಹುದು, ಮಕ್ಕಳಿಗೆ ಬಿಟ್ಟು ಹೋಗಬಹುದು. ವರ್ಜೀನಿಯದಲ್ಲಿ 1662ರಷ್ಟು ಹಿಂದೆಯೇ ಕಾನೂನು ಬಂತು: ಮಗುವಿನ ಸ್ಥಿತಿ ತಾಯಿಯದ್ದೇ. ಅಪ್ಪ ಯಜಮಾನನೇ ಆಗಿದ್ದರೂ ಮಗು ಅವನ ಆಸ್ತಿ. 1860ರ ಜನಗಣತಿಯಲ್ಲಿ ಹೀಗಿದ್ದವರು ಹತ್ತಿರ ಹತ್ತಿರ 40 ಲಕ್ಷ.

'ಗುಲಾಮ' ಅರಬ್ಬಿ ಅಂತ ಮುಟ್ಟದವರಿಗೆ ಒಂದು ಮಾತು. 'ಗುರುವಿನ ಗುಲಾಮನಾಗುವ ತನಕ' ಅಂತ ಹಾಡಿದ್ದು ಪುರಂದರದಾಸರು. ದಾಸರೇ 'ದಾಸ' ಬಿಟ್ಟು 'ಗುಲಾಮ' ಹಿಡಿದ ಮೇಲೆ ನಮ್ಮದೇನು? ಜೋತಿಬಾ ಫುಲೆ 1873ರಲ್ಲಿ ಮರಾಠಿಯಲ್ಲಿ 'ಗುಲಾಮಗಿರಿ' ಬರೆದು, ಕರಿಯರನ್ನು ಗುಲಾಮಗಿರಿಯಿಂದ ಬಿಡಿಸಿದ್ದಕ್ಕೆ ಅಮೆರಿಕದ ಜನರಿಗೇ ಅರ್ಪಿಸಿದರು. ಯುದ್ಧ ಮುಗಿದು ಎಂಟು ವರ್ಷಕ್ಕೆ ಈ ಪದ ಅಲ್ಲಿಯ ಕಥೆಗೆ ಅಂಟಿಕೊಂಡಾಗಿದೆ. ಈಗ ಕಿತ್ತರೆ ಬರುವುದಿಲ್ಲ.

---

ದಾಸರು ಬಳಸಿದರು ಅಂದ ಮಾತ್ರಕ್ಕೆ ಕನ್ನಡ ಆಗುವುದಿಲ್ಲ. ಎಲ್ಲ ಎರವಲು ಸರಿ ಅನ್ನುವುದಾದರೆ 'ಸೆಸೆಶನ್' ಅಂತಲೇ ಹಾಕಿ. ಕೇಳಿದ್ದು ಯಾಕೆ?

---

ಮೊದಲು ನಿಮ್ಮ ಕೀಬೋರ್ಡ್‌ಗೆ ಕನ್ನಡ ಹುಡುಕಿ.

---

ಕೀಲಿಮಣೆ. ಇದೆ.

---

ಮಣೆ ನಮ್ಮದು. ಕೀಲಿ? ಸಂಸ್ಕೃತದ 'ಕೀಲ'ದಿಂದ ಬಂದದ್ದು.

---

ಇಬ್ಬರೂ ಸ್ವಲ್ಪ ನಿಲ್ಲಿಸಿ. ಪಾಪ, ಕೇಳಿದವರಿಗೆ ನಾಳೆ ರಾತ್ರಿ ಗಡುವು.

'ಬೇರ್ಪಡಿಕೆ' ಪರವಾಗಿಲ್ಲ, ಚಿಕ್ಕದೂ ಇದೆ. ಆದರೆ ಕ್ರಿಯಾಪದದ ಮೇಲೆ ಕಣ್ಣಿಡಿ. 'ಹನ್ನೊಂದು ರಾಜ್ಯಗಳು ಬೇರ್ಪಟ್ಟವು' ಅಂತ ಬರೆದರೆ ದಕ್ಷಿಣದವರ ವಾದ ಒಪ್ಪಿಕೊಂಡ ಹಾಗೆ. ಲಿಂಕನ್ ಕೊನೆಯವರೆಗೂ ಅದನ್ನು ಒಪ್ಪಲಿಲ್ಲ. ಅವರ ಪ್ರಕಾರ ಯಾವ ರಾಜ್ಯವೂ ಹೊರಗೆ ಹೋಗಿರಲಿಲ್ಲ, ಅಲ್ಲಿ ದಂಗೆ ಎದ್ದಿತ್ತು ಅಷ್ಟೇ. 1869ರಲ್ಲಿ ಟೆಕ್ಸಾಸ್ ವಿರುದ್ಧ ವೈಟ್ ಕೇಸಿನಲ್ಲಿ ಸುಪ್ರೀಂ ಕೋರ್ಟೂ ಹಾಗೇ ಹೇಳಿತು: ಬಿಟ್ಟು ಹೋಗುವ ಆ ಠರಾವಿಗೆ ಕಾನೂನಿನಲ್ಲಿ ಬೆಲೆಯೇ ಇಲ್ಲ. ಅದಕ್ಕೇ ನಿರೂಪಕನ ಮಾತು ಬಂದಾಗ 'ಬೇರ್ಪಟ್ಟೆವೆಂದು ಸಾರಿದವು' ಅನ್ನಿ. ಕಾನ್ಫೆಡರಸಿಯವರು ಮಾತಾಡುವಾಗ ಸುಮ್ನೆ 'ಬೇರ್ಪಟ್ಟೆವು' ಸಾಕು. ಆ ವ್ಯತ್ಯಾಸಕ್ಕೇ ನಾಲ್ಕು ವರ್ಷ ಹೊಡೆದಾಡಿದ್ದು, ಅಲ್ವಾ?

ಒಕ್ಕೂಟದ ಗೊಂದಲಕ್ಕೆ 'ಉತ್ತರ', 'ದಕ್ಷಿಣ' ಅಂತ ಹಾಕಿ ಕೈ ತೊಳೆದುಕೊಳ್ಳಬೇಡಿ. ಮೇರಿಲ್ಯಾಂಡ್, ಕೆಂಟಕಿ, ಮಿಸೌರಿ, ಡೆಲವೇರ್‌ಗಳಲ್ಲಿ ಗುಲಾಮರಿದ್ದರು. ಆದರೂ ಅವು ಯೂನಿಯನ್ ಬಿಡಲಿಲ್ಲ. ಗುಲಾಮರನ್ನು ಬಿಡಿಸುವ 1863ರ ಜನವರಿ 1ರ ಲಿಂಕನ್ ಘೋಷಣೆ ಆ ನಾಲ್ಕಕ್ಕೆ ತಾಗಲೇ ಇಲ್ಲ. ಅದು ದಂಗೆ ಎದ್ದ ಸೀಮೆಗೆ ಮಾತ್ರ. ಡೆಲವೇರ್, ಕೆಂಟಕಿಗಳಲ್ಲಂತೂ 1865ರ ಡಿಸೆಂಬರಿನಲ್ಲಿ 13ನೇ ತಿದ್ದುಪಡಿ ಬರುವವರೆಗೆ ಗುಲಾಮಗಿರಿ ಕಾನೂನಿನಲ್ಲಿ ಹಾಗೇ ಇತ್ತು.

---

ಇಷ್ಟುದ್ದ ಯಾಕೆ? 'ರಾಜ್ಯಗಳ ಹಕ್ಕಿನ ಹೋರಾಟ' ಅಂತ ಒಂದು ಸಲ ಹಾಕಿದರೆ ಎಲ್ಲ ಬಂತಲ್ಲ.

---

> ರಾಜ್ಯಗಳ ಹಕ್ಕಿನ ಹೋರಾಟ

ಯಾವ ಹಕ್ಕು, ಸರ್? ಸೌತ್ ಕ್ಯಾರೊಲಿನಾ ತನ್ನ ಕಾರಣಗಳನ್ನು ತಾನೇ ಬರೆದಿಟ್ಟಿದೆ, ಓದಿ. ಅದರ ದೊಡ್ಡ ದೂರೇ ಉತ್ತರದ ರಾಜ್ಯಗಳ ಮೇಲೆ. ಓಡಿಬಂದ ಗುಲಾಮರನ್ನು ಹಿಡಿದು ವಾಪಸ್ ಕೊಡುತ್ತಿಲ್ಲ, ತಮ್ಮದೇ ಕಾನೂನು ಮಾಡಿಕೊಂಡು ತಪ್ಪಿಸುತ್ತಿವೆ ಅಂತ. ಅಂದರೆ ಬೇರೆ ರಾಜ್ಯಗಳು ಹಕ್ಕು ಚಲಾಯಿಸಿದ್ದೇ ಇವರಿಗೆ ಉರಿ. ಮಿಸಿಸಿಪ್ಪಿ ಇನ್ನೂ ನೇರ. ನಮ್ಮ ನಿಲುವು ಗುಲಾಮಗಿರಿಯ ಜೊತೆಗೇ ಇದೆ ಅಂತ ಶುರುವಿನಲ್ಲೇ ಬರೆಯಿತು. ಅವರೇ ಮುಚ್ಚಿಡದ್ದನ್ನು ನಾವು ಕನ್ನಡದಲ್ಲಿ ಮುಚ್ಚಿಡುವುದು ಯಾಕೆ?

---

ಎಲ್ಲರಿಗೂ ಥ್ಯಾಂಕ್ಸ್. ಸಂಜೆ ಕೂತು ಮುಗಿಸುತ್ತೇನೆ. ಹೀಗೆ ಹಾಕುತ್ತಿದ್ದೇನೆ: ಸೆಸೆಶನ್ ಬೇರ್ಪಡಿಕೆ. ನಿರೂಪಕನ ಮಾತಿನಲ್ಲಿ 'ಬೇರ್ಪಟ್ಟೆವೆಂದು ಸಾರಿದವು'. ವೆಸ್ಟ್ ವರ್ಜೀನಿಯಕ್ಕೆ ಮಾತ್ರ ಪ್ರತ್ಯೇಕ ರಾಜ್ಯ. ಗುಲಾಮ, ಗುಲಾಮಗಿರಿ, ಅಂತರ್ಯುದ್ಧ ಇದ್ದ ಹಾಗೇ. ಯೂನಿಯನ್ ಅಂದರೆ ಕಾರ್ಮಿಕರ ಯೂನಿಯನ್ ಅನ್ನಿಸುತ್ತದೆ, ಅದಕ್ಕೆ ಅದು 'ಒಕ್ಕೂಟ'. ಇನ್ನೊಂದು ಕಾನ್ಫೆಡರಸಿಯಾಗಿಯೇ ಇರಲಿ. 'ಒಕ್ಕೂಟ ಸೇನೆ', 'ಕಾನ್ಫೆಡರಸಿ ಸೇನೆ'.

---

ಒಳಕಾಳಗ ಬಿಟ್ಟಿರಿ, ಸರಿ. 'ಸೇನೆ'ಯಾದರೂ ತೆಗೆಯಿರಿ, ಸಂಸ್ಕ್ರುತ. 'ಪಡೆ' ಅನ್ನಿ. ಎರಡೇ ಅಕ್ಕರ, ಜಾಗವೂ ಉಳಿಯುತ್ತದೆ.

---

'ಸೇನೆ'ಯೂ ಎರಡೇ ಅಕ್ಷರ, ಸರ್.