ಅಪ್‌ಡೇಟ್: ಇಂಡೆಂಟೇಷನ್ ಕಿವಿಗೆ ಸಿಕ್ಕಿತು

ಮೂರು ತಿಂಗಳ ಹಿಂದೆ ಕೇಳಿದ್ದೆ: ನನಗೆ ಕಣ್ಣು ಕಾಣುವುದಿಲ್ಲ, ಕಲಬುರಗಿಯಲ್ಲಿ ಕುಳಿತು ಎನ್‌ವಿಡಿಎ ಸ್ಕ್ರೀನ್ ರೀಡರ್ (ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ) ಬಳಸಿ ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೇನೆ, ಇಂಡೆಂಟೇಷನ್ (ಸಾಲಿನ ಆರಂಭದಲ್ಲಿ ಬಿಡಬೇಕಾದ ಖಾಲಿ ಜಾಗ) ಸದಾ ತಪ್ಪುತ್ತದೆ, ಸೈಬರ್ ಭದ್ರತೆಯ ಆಸೆ ಬಿಡಬೇಕೇ? ಬಿಟ್ಟಿಲ್ಲ.

ನಿಮ್ಮಲ್ಲೊಬ್ಬರು ಹೇಳಿದಂತೆ, ಎನ್‌ವಿಡಿಎಯ ಡಾಕ್ಯುಮೆಂಟ್ ಫಾರ್ಮ್ಯಾಟಿಂಗ್ ಸೆಟ್ಟಿಂಗ್‌ನಲ್ಲಿ ಇಂಡೆಂಟೇಷನ್ ಸೂಚನೆಯನ್ನು ಮಾತಿನಿಂದ ಸ್ವರಕ್ಕೆ ಬದಲಿಸಿದೆ. ಮೊದಲು ‘ನಾಲ್ಕು ಸ್ಪೇಸ್, ಎಂಟು ಸ್ಪೇಸ್’ ಎಂದು ಕೇಳುವಷ್ಟರಲ್ಲಿ ಸಾಲಿನಲ್ಲಿ ಏನಿತ್ತೆಂಬುದೇ ಮರೆತುಹೋಗುತ್ತಿತ್ತು. ಈಗ ಸಾಲು ಒಳಗೆ ಸರಿದಷ್ಟೂ ಸ್ವರ ಏರುತ್ತದೆ. ‘ಇಫ್’ ಎಂಬ ಷರತ್ತಿನ ಒಳಗಿರಬೇಕಾದ ಸಾಲು ಹೊರಗೆ ಬಿದ್ದಿದ್ದರೆ, ಹಾರ್ಮೋನಿಯಂನಲ್ಲಿ ತಪ್ಪು ಮನೆ ಒತ್ತಿದಂತೆ ಕೂಡಲೇ ಚುಚ್ಚುತ್ತದೆ. (ಶಾಲೆಯಲ್ಲಿ ನಮಗೆ ಕಂಪ್ಯೂಟರ್ ಬದಲು ಹಾರ್ಮೋನಿಯಂ ಕಲಿಸಿದ್ದರು. ಆಗ ಸಿಟ್ಟು ಬಂದಿತ್ತು.)

ಭದ್ರತೆಯ ಪಾಠದಲ್ಲಿ, ನೆಟ್‌ವರ್ಕ್‌ನಲ್ಲಿರುವ ಯಂತ್ರಗಳನ್ನು ಹುಡುಕುವ ಎನ್‌ಮ್ಯಾಪ್ ತೊಂದರೆ ಕೊಡಲಿಲ್ಲ. ಅದರ ಉತ್ತರವೆಲ್ಲ ಬರಿಯ ಅಕ್ಷರ. ನೆಟ್‌ವರ್ಕ್‌ನಲ್ಲಿ ಹರಿಯುವ ಮಾಹಿತಿಯನ್ನು ತೋರಿಸುವ ವೈರ್‌ಶಾರ್ಕ್‌ನ ಕಿಟಕಿಯಲ್ಲಿ ದಾರಿ ತಪ್ಪಿ, ಕಮಾಂಡ್ ಸಾಲಿನಲ್ಲೇ ನಡೆಯುವ ಅದರ ಜೊತೆಗಾರ ಟಿಶಾರ್ಕ್‌ಗೆ ಬಂದೆ. ಔಟ್‌ಪುಟ್ ಅನ್ನು ಫೈಲ್‌ಗೆ ಇಳಿಸಿಕೊಂಡು, ಬೇಕಾದ ಐಪಿ ವಿಳಾಸ ಹುಡುಕಿ ಓದುತ್ತೇನೆ. ಎನ್‌ವಿಡಿಎಯ ಮಾತಿನ ವೇಗವನ್ನು ಎಷ್ಟು ಏರಿಸಿದ್ದೇನೆಂದರೆ, ರೊಟ್ಟಿ ಬಡಿಯುತ್ತಿದ್ದ ಅವ್ವ ‘ಯಾರ ಜೊತೆ ಜಗಳ?’ ಎಂದು ಕೇಳಿದಳು.

ಒಂದು ಕಂಪನಿಯ ಆನ್‌ಲೈನ್ ಪರೀಕ್ಷೆಗೂ ಕುಳಿತೆ. ಲಾಗಿನ್‌ನಲ್ಲೇ ಚಿತ್ರದ ಕ್ಯಾಪ್ಚಾ (ಬಂದವರು ಮನುಷ್ಯರೇ ಎಂದು ಪರೀಕ್ಷಿಸುವ ಒಗಟು), ಧ್ವನಿಯ ಆಯ್ಕೆ ಇಲ್ಲ. ಅಲ್ಲಿಗೆ ಮುಗಿಯಿತು. ಪತ್ರ ಬರೆದಿದ್ದೇನೆ, ಉತ್ತರ ಬಂದಿಲ್ಲ. ಇನ್ನೊಂದು ಕಡೆ ಮುಂದಿನ ಸೋಮವಾರ ಸಂದರ್ಶನವಿದೆ. ಹೆಡ್‌ಫೋನ್ ಮತ್ತು ನನ್ನದೇ ಲ್ಯಾಪ್‌ಟಾಪ್ ತರಲು ಅವರೇ ಹೇಳಿದ್ದಾರೆ.