ಬಡ್ಡಿ ಏರಿದರೆ ಫ್ಲ್ಯಾಟ್ ಬೆಲೆ ಇಳಿಯುತ್ತದೆಯೇ? ಕಂಡವರು ಹೇಳಿ

ಪ್ರಶ್ನೆ: ವೈಟ್‌ಫೀಲ್ಡ್ ಕಡೆ 80 ಲಕ್ಷದ ಫ್ಲ್ಯಾಟ್ ನೋಡಿದ್ದೇವೆ. 50 ಲಕ್ಷ ಸಾಲ ಬೇಕು. ಬಡ್ಡಿ ಏರಿದರೆ ಬೆಲೆ ತಾನಾಗಿ ಇಳಿಯುತ್ತದೆ, ಕಾಯಿರಿ ಎನ್ನುತ್ತಾರೆ ಮಾವ. ಹಿಂದೆ ಬಡ್ಡಿ ಏರಿದಾಗ ಕೊಂಡವರು, ಕಾದವರು ಇದ್ದೀರಾ?

ಕೆ.ಆರ್. ಪುರದಿಂದ: ಕಾದವರಲ್ಲಿ ನಾನೂ ಒಬ್ಬ. 2022ರ ಮೇ ತಿಂಗಳಲ್ಲಿ ಶೇ 4ರಿಂದ ಏರತೊಡಗಿದ ರೆಪೊ ದರ (ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಕೊಡುವ ಸಾಲದ ಬಡ್ಡಿ) 2023ರ ಫೆಬ್ರುವರಿಗೆ 6.50 ಮುಟ್ಟಿತು. ಬೆಲೆ ಮಾತ್ರ ಇಳಿಯಲಿಲ್ಲ. ಕಂಪನಿಗಳು ಜನರನ್ನು ಕಚೇರಿಗೆ ಕರೆದವು, ವೈಟ್‌ಫೀಲ್ಡ್‌ಗೆ ಮೆಟ್ರೊ ಬಂತು, ಬಾಡಿಗೆ ಜಿಗಿಯಿತು. ಒಳ್ಳೆಯ ಬಾಡಿಗೆ ಬರುತ್ತಿರುವಾಗ ಮಾಲೀಕ ಯಾಕೆ ಅಗ್ಗಕ್ಕೆ ಮಾರುತ್ತಾನೆ?

ರಾಜಾಜಿನಗರದಿಂದ: ಬೆಲೆಯ ಚಿಂತೆ ಬಿಡಿ, ಕಂತಿನ ಲೆಕ್ಕ ಹಾಕಿ. 50 ಲಕ್ಷಕ್ಕೆ 20 ವರ್ಷ, ಶೇ 6.5 ಬಡ್ಡಿಯಾದರೆ ತಿಂಗಳಿಗೆ ಸುಮಾರು 37,280 ರೂಪಾಯಿ. ಬಡ್ಡಿ 9ಕ್ಕೆ ಹೋದರೆ ಮೊದಲ ತಿಂಗಳ ಬಡ್ಡಿಯೇ 37,500! ಹಳೆಯ ಕಂತನ್ನೇ ಕಟ್ಟುತ್ತಿದ್ದರೆ ಅಸಲು ಕರಗುವುದಿರಲಿ, ಬೆಳೆಯುತ್ತದೆ. 20 ವರ್ಷಕ್ಕೇ ತೀರಬೇಕೆಂದರೆ ಸುಮಾರು 45,000 ಕಟ್ಟಬೇಕು. ನಾನು 2021ರಲ್ಲಿ ಸಾಲ ಪಡೆದವನು. ದರ ಏರಿದಾಗ ಬ್ಯಾಂಕು ಕಂತನ್ನು ಮುಟ್ಟದೆ ಅವಧಿಯನ್ನು ನನ್ನ ನಿವೃತ್ತಿಯ ಆಚೆಗೆ ಎಳೆದಿತ್ತು, ಒಂದು ಮಾತು ಕೇಳದೆ. ದರ ಬದಲಾದಾಗ ಕಂತು ಏರಿಸಬೇಕೋ ಅವಧಿ ಹಿಗ್ಗಿಸಬೇಕೋ ಎಂಬ ಆಯ್ಕೆಯನ್ನು ಸಾಲಗಾರನಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಹೇಳಿತು. ಅರ್ಜಿ ಬರೆದು ಕಂತು ಏರಿಸಿಕೊಂಡೆ. ಬೋನಸ್ ಬಂದಾಗಲೆಲ್ಲ ಅಸಲಿಗೆ ಹಾಕುತ್ತೇನೆ. ಬದಲಾಗುವ ಬಡ್ಡಿಯ ಗೃಹಸಾಲಕ್ಕೆ ಅವಧಿಪೂರ್ವ ಪಾವತಿಯ ದಂಡವಿಲ್ಲ. 45,000 ಕಟ್ಟುವ ಶಕ್ತಿ ಇಂದೇ ಇದ್ದರೆ ಮುಂದುವರಿಯಿರಿ. ಇಲ್ಲದಿದ್ದರೆ ಸಣ್ಣ ಮನೆ ನೋಡಿ.

ಬನಶಂಕರಿಯಿಂದ: ಬಿಲ್ಡರ್ ಚದರಡಿ ದರವನ್ನು ಅಷ್ಟು ಸುಲಭವಾಗಿ ಇಳಿಸುವುದಿಲ್ಲ, ಇಳಿಸಿದರೆ ಮೊದಲೇ ಕೊಂಡವರು ಜಗಳಕ್ಕೆ ಬರುತ್ತಾರೆ. ಪಾರ್ಕಿಂಗ್, ಅಡುಗೆಮನೆಯ ಕಪಾಟು ಎಂದು ಏನಾದರೂ ಸೇರಿಸಿ ಕೊಡುತ್ತಾನೆ. ಚೌಕಾಸಿ ನಡೆಯುವುದು ಮರುಮಾರಾಟದ ಮನೆಯಲ್ಲಿ, ಅದೂ ಊರು ಬಿಟ್ಟು ಹೊರಟ ಮಾಲೀಕರ ಜೊತೆ.

ಯಲಹಂಕದಿಂದ: ನೋಂದಣಿ ಖರ್ಚನ್ನು ಯಾರೂ ಹೇಳಲಿಲ್ಲವಲ್ಲ! 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2 ಆಗಿದೆ. ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಎಲ್ಲ ಸೇರಿ ಒಟ್ಟು ಸುಮಾರು ಶೇ 7.6. ನಿಮ್ಮ 80 ಲಕ್ಷಕ್ಕೆ ಆರು ಲಕ್ಷ ದಾಟುತ್ತದೆ. ಇದನ್ನು ಸಾಮಾನ್ಯವಾಗಿ ಕೈಯಿಂದಲೇ ಹಾಕಬೇಕು. ಕಾವೇರಿ ನೀರಿನ ಸಂಪರ್ಕ ಇದೆಯೇ ಎಂದೂ ಕೇಳಿ. 2024ರ ಬೇಸಿಗೆಯ ಟ್ಯಾಂಕರ್ ಬಿಲ್ಲು ನೋಡಿದವರಿಗೆ ಅದರ ಬೆಲೆ ಗೊತ್ತು. ಅಂದ ಹಾಗೆ, ಆ ಫ್ಲ್ಯಾಟಿಗೆ ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಆಗಿದೆಯೇ, ಸ್ವಾಧೀನಾನುಭವ ಪತ್ರ (ವಾಸಕ್ಕೆ ಯೋಗ್ಯವೆಂಬ ಒಸಿ) ಸಿಕ್ಕಿದೆಯೇ? ಅದನ್ನು ತಿಳಿಸಿದರೆ ಮುಂದಿನ ಮಾತು ಆಡಬಹುದು.