ಸಹಾಯ ಬೇಕು: ರಾಗ ಇದೆ, ಜಾಹೀರಾತು ಸಿಗ್ತಿಲ್ಲ

ಅಮ್ಮನಿಗೆ ಮರೆವಿನ ಕಾಯಿಲೆ. ನಮ್ಮ ಹೆಸರೇ ಮರೀತಾರೆ, ಆದ್ರೆ ಹಳೇ ಟೀವಿ ಜಾಹೀರಾತಿನ ರಾಗ ಒಂದನ್ನ ದಿನಾ ಗುನುಗ್ತಾರೆ. ಕೊನೇಲಿ ಬೆರಳಿಂದ ಮಂಚಕ್ಕೆ ಎರಡು ಸಲ ತಟ್ಟಿ ನಗ್ತಾರೆ. ಆ ನಗು ನೋಡಿದಾಗಿಂದ ಅದನ್ನ ಪೂರ್ತಿ ಕೇಳಿಸಲೇಬೇಕು ಅನ್ನಿಸಿದೆ.

ನೈಕಿಯ 1988ರ ‘ಜಸ್ಟ್ ಡೂ ಇಟ್’ ಥರ ಘೋಷವಾಕ್ಯ ಆಗಿದ್ರೆ ಟೈಪ್ ಮಾಡಿದ್ರೆ ಸಾಕಿತ್ತು. ಇದು ಕಂಪ್ಯೂಟರ್ ಚಿಪ್ ಕಂಪನಿ ಇಂಟೆಲ್‌ನ ಜಾಹೀರಾತಲ್ಲಿ ಬರೋ 1994ರ ಐದು ಸ್ವರಗಳ ಥರ, ಪದವೇ ಇಲ್ಲ. ಅಮ್ಮನ ದನಿ ರೆಕಾರ್ಡ್ ಮಾಡಿ ಹಾಡು ಹುಡುಕೋ ಆ್ಯಪ್‌ಗೆ ಕೇಳಿಸಿದೆ, ಬರೀ ಸಿನಿಮಾ ಹಾಡುಗಳನ್ನೇ ತೋರಿಸ್ತು. ಹಳೇ ಜಾಹೀರಾತುಗಳ ವಿಡಿಯೋ ರಾತ್ರಿಯಿಡೀ ನೋಡಿದ್ದೂ ಆಯ್ತು.

ಪದವಿಲ್ಲದ ಜಾಹೀರಾತಿನ ರಾಗವನ್ನ ಹುಡುಕೋದು ಹೇಗೆ? ರೆಕಾರ್ಡಿಂಗ್ ಇಲ್ಲಿ ಹಾಕಿದ್ರೆ ಯಾರಾದ್ರೂ ಗುರುತು ಹಿಡೀತೀರಾ?